ನಡೆಯುವವರ ಲೆಕ್ಕ ಯಾವ ಖಾತೆಗೆ?

ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿ 2018ರಲ್ಲಿ ಹೊಸ ರೂಪ ಕೊಡಲಾಯಿತು. 2020ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ವಾರಾಂತ್ಯಗಳಲ್ಲಿ ಅಲ್ಲಿಗೆ ವಾಹನಗಳನ್ನು ಬಿಡಲಿಲ್ಲ. ಗಾಳಿ ಶುದ್ಧವಾಗಲಿ, ಜನ ನಡೆಯಲಿ ಎಂಬುದು ಉದ್ದೇಶ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಅಡ್ಡಾಡಿದವರಲ್ಲಿ ಎಷ್ಟು ಮಂದಿ ಕಾರಿನಲ್ಲಿ ಬಂದು ಪಕ್ಕದ ರಸ್ತೆಯಲ್ಲಿ ಇಳಿದವರು? ಒಂದು ಬೀದಿಯ ಗಾಳಿ ತಿಳಿಯಾದ ಮಾತ್ರಕ್ಕೆ ಊರಿನ ಹೊಗೆ ಇಳಿಯಿತೆಂದು ಹೇಳಲಾಗದು. ವಿಹಾರದ ನಡಿಗೆ ಬೇರೆ, ಹೊಟ್ಟೆಪಾಡಿನ ನಡಿಗೆ ಬೇರೆ.

ಹೊಗೆ ತಗ್ಗುವುದು ಈ ಎರಡನೆಯ ನಡಿಗೆಯಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಎಂಜಿನ್ ಕಾಯುವ ಮುನ್ನ ಅದು ಕಾರುವ ವಿಷವೂ ಹೆಚ್ಚು. ಹಾಲು, ಔಷಧಿ, ಶಾಲೆ, ಬಸ್‌ಸ್ಟಾಪ್ ಎಂದು ಗಾಡಿ ಹೊರಡಿಸುವ ಚಿಕ್ಕ ಓಡಾಟಗಳೇ ಮೊದಲು ಕಾಲಿಗಿಳಿಯಬೇಕಾದವು.

ನಮ್ಮ ಅಲೀಪುರದಂಥ ಊರುಗಳು ಈ ಚರ್ಚೆಯಲ್ಲಿ ಎಲ್ಲಿವೆ? ಹರಳು ಉಜ್ಜುವ ಕೆಲಸಕ್ಕೆ ನಡೆದು ಹೋಗುವವನು, ಮಗುವಿನ ಕೈ ಹಿಡಿದು ಶಾಲೆಗೆ ಬಿಡುವ ತಾಯಿ, ಇವರು ಯಾವ ಯೋಜನೆಯನ್ನೂ ಓದದೆ ಹೊಗೆ ಉಳಿಸಿದವರು. ಬಡತನದ ಉಳಿತಾಯವೆಂದು ಅದು ಯಾವ ಖಾತೆಗೂ ಜಮಾ ಆಗಲಿಲ್ಲ. ಚರಂಡಿಯ ಮುರಿದ ಚಪ್ಪಡಿ, ಅದರ ಮೇಲೆ ನಿಲ್ಲಿಸಿದ ಬೈಕು, ಮೈಗೆ ತಾಗುವಂತೆ ಸಾಗುವ ಟಿಪ್ಪರು, ಇವುಗಳಿಗೆ ಬೇಸತ್ತು ಅವನು ಕಂತಿನ ಮೇಲೆ ಸ್ಕೂಟರ್ ತಂದ ದಿನ ಮಾತ್ರ ಲೆಕ್ಕಕ್ಕೆ ಸಿಗುತ್ತಾನೆ, ಮಾಲಿನ್ಯಕಾರನಾಗಿ. ಉರ್ದುವಿನಲ್ಲಿ ಕಾಲಾಳಿಗೆ ಪ್ಯಾದಾ ಎನ್ನುತ್ತೇವೆ. ಚದುರಂಗದಲ್ಲಿ ಮೊದಲು ಸಾಯುವವನೂ ಅವನೇ!

ಕಾಗದದಲ್ಲಿ ಕೊರತೆಯಿಲ್ಲ. ರಸ್ತೆ ವಾಹನಕ್ಕಲ್ಲ, ಜನರಿಗೆ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ಪಾದಚಾರಿ ಮಾರ್ಗ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ನೀತಿಯ ಹೆಸರಿನಲ್ಲೇ 'ನಗರ' ಇದೆ, ಹಳ್ಳಿಯೂ ಅಲ್ಲದ ಪಟ್ಟಣವೂ ಅಲ್ಲದ ನಮ್ಮೂರು ಅದರ ಹೊರಗೆ. ಇನ್ನು ನಡೆಯುವವರ ಹೆಸರಿನಲ್ಲಿ ಮೊದಲು ಎತ್ತಂಗಡಿಯಾಗುವುದು ಹೂವು ಹಣ್ಣಿನ ತಳ್ಳುಗಾಡಿ, ಕಾರಲ್ಲ. ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ ಕಾಯ್ದೆ 2014ರಿಂದಲೇ ಇದೆ. ಸಂತೆ ಕಾಲ್ನಡಿಗೆಯ ದೂರದಲ್ಲಿದ್ದರೆ ತಾನೇ ಜನ ನಡೆಯುವುದು?

ಅಡೆತಡೆಯಿಲ್ಲದ 1.8 ಮೀಟರ್ ಅಗಲ ಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಇಬ್ಬರು ಜೊತೆಯಾಗಿ ನಡೆಯುವಷ್ಟು ಜಾಗ. ಗೌರಿಬಿದನೂರಿನ ರೈಲು ನಿಲ್ದಾಣದ ಹಾದಿಯಲ್ಲಿ, ಅಲೀಪುರದ ಶಾಲೆಗಳ ಮುಂದೆ ಅಷ್ಟು ಬಿಡಿಸಿಕೊಡಲು ಚರ್ಚ್ ಸ್ಟ್ರೀಟಿನ ಕಲ್ಲು ಬೇಕಿಲ್ಲ, ಗಟ್ಟಿ ಚಪ್ಪಡಿ ಸಾಕು.