ಕ್ಷಣಿಕ ಬೆಳಕಿನ ಅಳತೆ: ಒಂದು ವಿಮರ್ಶೆ

ಅತಿವೇಗದ ಬೆಳಕಿನ ಸಂಕೇತವನ್ನು ಬೆಳಕಿನಿಂದಲೇ ಅಳೆಯಬೇಕೆಂಬ ಮಾತು ವಿಜ್ಞಾನ ಲೇಖನಗಳಲ್ಲಿ ರೂಢವಾಗಿದೆ. ಮಾತು ಸರಿ, ಆದರೆ ಅಪೂರ್ಣ. ಒಂದು ಪಿಕೋಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನಲ್ಲಿ, ಬೆಳಕು ಗಾಜಿನೆಳೆಯೊಳಗೆ ಸಾಗುವ ದೂರ ಸುಮಾರು 0.2 ಮಿಲಿಮೀಟರು. ಇದಕ್ಕಿಂತ ಕ್ಷಣಿಕವಾದ ಸ್ಪಂದವನ್ನು ವಿದ್ಯುದುಪಕರಣಗಳು ಹಿಡಿಯಲಾರವು. ಆದುದರಿಂದ ಸ್ಪಂದವನ್ನು ಇಬ್ಭಾಗಿಸಿ, ಒಂದನ್ನು ತುಸು ತಡಮಾಡಿ, ತನ್ನೊಡನೆಯೇ ಹೋಲಿಸುವ ಕ್ರಮ ಬಂದಿತು. ಅದರ ಫಲಿತಾಂಶ ಸದಾ ಸಮಪಾರ್ಶ್ವ. ಸ್ಪಂದದ ಮುಂದಾವುದು, ಹಿಂದಾವುದು ಎಂಬುದು ತಿಳಿಯದು. 1993ರಲ್ಲಿ ಕೇನ್ ಮತ್ತು ಟ್ರೆಬಿನೊ ವರ್ಣಪಟಲವನ್ನೂ ಸೇರಿಸಿಕೊಂಡು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದರು.

ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಶಾಸನಗಳನ್ನು ಓದುವ ನಮಗೆ ಈ ತೊಡಕು ಹೊಸದಲ್ಲ. ಕಾಲೋಲ್ಲೇಖವಿಲ್ಲದ ಶಾಸನವನ್ನು ಅದರದೇ ಪಡಿಯಚ್ಚಿನೊಡನೆ ಹೋಲಿಸಿ ಫಲವಿಲ್ಲ. ಲಿಪಿಯ ಸಾಕ್ಷ್ಯ ಬೇಕು, ಇಲ್ಲವೆ ಕಾಲ ಗೊತ್ತಿರುವ ಇನ್ನೊಂದು ಶಾಸನ ಬೇಕು. ಅರೇಖೀಯ ಗಾಜಿನೆಳೆ ಒದಗಿಸುವುದು ಈ ಎರಡನೆಯ ದಾರಿಯನ್ನು. ಅದರೊಳಗೆ ತೀವ್ರವಾದ ಬೆಳಕು ಗಾಜಿನ ವಕ್ರೀಭವನಾಂಕವನ್ನೇ ಕ್ಷಣಕಾಲ ಬದಲಿಸುವುದರಿಂದ, ಪರಿಚಿತವಾದ ಕಿರುಸ್ಪಂದವೊಂದು ಅಪರಿಚಿತ ಸಂಕೇತವನ್ನು ತುಣುಕು ತುಣುಕಾಗಿ ಆಯ್ದು ತೋರಿಸಬಲ್ಲುದು. ಆದರೆ ಆ ಕಿರುಸ್ಪಂದವು ಪರಿಚಿತವಾದುದು ಹೇಗೆ? ಇದನ್ನು ಲೇಖಕರು ಹೇಳದಿದ್ದಲ್ಲಿ, ಚಿತ್ರ ಎಷ್ಟೇ ಸ್ಫುಟವಾಗಿದ್ದರೂ ಅದನ್ನು ಸಾಕ್ಷ್ಯವೆಂದು ನಾವು ಒಪ್ಪಲಾರೆವು.