ಉಕ್ಕು ಹರಿಯುವ ಮುನ್ನವೇ ಹೇಳಬಲ್ಲೆವೇ?

1994ರ ಜನವರಿ 17ರಂದು ಲಾಸ್ ಏಂಜಲೀಸ್‌ನ ನಾರ್ತ್‌ರಿಜ್ ಭೂಕಂಪದಿಂದ ನಡುಗಿದಾಗ ಅಲ್ಲಿನ ಉಕ್ಕಿನ ಕಟ್ಟಡಗಳು ಹೊರನೋಟಕ್ಕೆ ನೆಟ್ಟಗೇ ನಿಂತಿದ್ದವು. ಹೊದಿಕೆ ಬಿಚ್ಚಿ ನೋಡಿದಾಗ ತೊಲೆ, ಕಂಬ ಕೂಡುವ ವೆಲ್ಡಿಂಗ್ ಜಾಗಗಳಲ್ಲಿ ಬಿರುಕುಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ಗಾಜಿನಂತೆ ಸೀಳಿದ ಭಿದುರ ಮುರಿತಗಳು. ವೆಲ್ಡ್ ಲೋಹವನ್ನೂ ಜೋಡಣೆಯ ವಿನ್ಯಾಸವನ್ನೂ ತಿದ್ದಿದ ಮೇಲೆ ಇನ್ನೂ ಕಠಿಣವಾದ ಪ್ರಶ್ನೆ ಎದುರಾಯಿತು: ಚೆನ್ನಾಗಿ ಹಿಗ್ಗುವ ತನ್ಯ ಉಕ್ಕು ಎಷ್ಟು ಹಿಗ್ಗಿದ ಮೇಲೆ ಹರಿಯುತ್ತದೆ?

ಉಕ್ಕಿನೊಳಗೆ ಮ್ಯಾಂಗನೀಸ್ ಸಲ್ಫೈಡ್, ಕಾರ್ಬೈಡ್‌ಗಳ ಸಣ್ಣ ಕಣಗಳಿರುತ್ತವೆ. ಎಳೆದಾಗ ಕಣದ ಸುತ್ತಲಿನ ಲೋಹ ಬಿಟ್ಟುಕೊಂಡು ರಂಧ್ರ ಹುಟ್ಟುತ್ತದೆ, ಬೆಳೆಯುತ್ತದೆ, ಕೊನೆಗೆ ನೆರೆಯ ರಂಧ್ರವನ್ನು ಸೇರುತ್ತದೆ. ಈ ಬೆಳವಣಿಗೆಯನ್ನು 1968ರಲ್ಲಿ ಮೆಕ್‌ಕ್ಲಿಂಟಾಕ್, 1969ರಲ್ಲಿ ರೈಸ್ ಮತ್ತು ಟ್ರೇಸಿ ಗಣಿತಕ್ಕೆ ಇಳಿಸಿದರು. ಮೂರೂ ದಿಕ್ಕಿನಿಂದ ಎಳೆಯುವ ಸರಾಸರಿ ಸ್ಟ್ರೆಸ್ಸಿಗೂ ಆಕಾರ ಬದಲಿಸುವ ಸ್ಟ್ರೆಸ್ಸಿಗೂ ಇರುವ ಅನುಪಾತ 1ರಷ್ಟು ಏರಿದರೆ, ರೈಸ್–ಟ್ರೇಸಿ ಸೂತ್ರದ ಪ್ರಕಾರ ರಂಧ್ರ ಬೆಳೆಯುವ ವೇಗ ಸುಮಾರು ನಾಲ್ಕೂವರೆ ಪಟ್ಟಾಗುತ್ತದೆ. ಇ250 ದರ್ಜೆಯ ಉಕ್ಕು ಕನಿಷ್ಠ ಶೇ. 23 ಹಿಗ್ಗಬೇಕು ಎನ್ನುತ್ತದೆ ಭಾರತದ ಐಎಸ್ 2062 ಮಾನಕ. ಆದರೆ ಅದು ಈ ಅನುಪಾತ ಕಡಿಮೆ ಇರುವ ನುಣುಪು ತುಂಡಿನ ಲೆಕ್ಕ. ಅನುಪಾತ ಏರುವ ದಪ್ಪ ಜೋಡಣೆಯ ಮೂಲೆಯಲ್ಲಿ ಅದೇ ಉಕ್ಕು ಎಷ್ಟು ತಾಳುತ್ತದೆಂದು ಆ ಅಂಕಿಯೊಂದರಿಂದಲೇ ತಿಳಿಯದು.

1977ರಲ್ಲಿ ಗರ್ಸನ್ ಇನ್ನೂ ಮುಂದೆ ಹೋದರು. ರಂಧ್ರ ಬೆಳೆದಷ್ಟೂ ಲೋಹವೇ ಮೆದುವಾಗುವ ಸಮೀಕರಣ ಅವರದು. ರಂಧ್ರದ ಪಾಲನ್ನು ಸೊನ್ನೆಯಾಗಿಸಿದರೆ ಅದು, ರಂಧ್ರವಿಲ್ಲದ ಲೋಹ ಯಾವಾಗ ಶಾಶ್ವತವಾಗಿ ಆಕಾರ ಬದಲಿಸುತ್ತದೆಂದು ಹೇಳುವ ಹಳೆಯ ಫಾನ್ ಮಿಸೆಸ್ ನಿಯಮವೇ ಆಗುತ್ತದೆ. ಘನಕಾಯ ಯಂತ್ರಶಾಸ್ತ್ರದಲ್ಲಿ ಇಷ್ಟು ಚೆಲುವಾದ ಬರಹಗಳು ವಿರಳ. ಟ್ವರ್ಗಾರ್ಡ್ ಮತ್ತು ನೀಡಲ್‌ಮನ್ 1984ರಲ್ಲಿ ಇದನ್ನೇ ತಿದ್ದಿ, ಎಳೆದ ಸರಳು ಬಟ್ಟಲು–ಶಂಕು ಆಕಾರದಲ್ಲಿ ತುಂಡಾಗುವುದನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಅದು ಈ ಪರಂಪರೆಯ ನಿಜವಾದ ಗೆಲುವು.

ತೊಡಕು ಶುರುವಾದದ್ದೂ ಆ ತಿದ್ದುಪಡಿಗಳಿಂದಲೇ. ಕೆಲವು ಗುಣಾಂಕಗಳು, ರಂಧ್ರಗಳು ಕೂಡುವ ಮಿತಿ, ಪೂರ್ತಿ ಹರಿಯುವ ಮಿತಿ, ಹೊಸ ರಂಧ್ರ ಹುಟ್ಟುವ ದರ ಎಲ್ಲ ಸೇರಿದವು. ಒಂದೇ ಎಳೆತದ ವಕ್ರರೇಖೆಗೆ ಈ ಅಂಕಿಗಳ ಹಲವು ಬಗೆಯ ಸಂಯೋಜನೆಗಳು ಹೊಂದುತ್ತವೆ. ಯಾವುದು ಸರಿಯೆಂದು ಆ ರೇಖೆ ಹೇಳುವುದಿಲ್ಲ. ಕಂಪ್ಯೂಟರ್ ಲೆಕ್ಕಕ್ಕಾಗಿ ಲೋಹವನ್ನು ಭಾಗಿಸುವ ಜಾಲರಿಯ ಗಾತ್ರ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಬರಿಯ ಕತ್ತರಿಸುವ ಬಲದಡಿ ಮೂಲ ಸಮೀಕರಣದಲ್ಲಿ ರಂಧ್ರ ಬೆಳೆಯುವುದೇ ಇಲ್ಲ, ಆದರೂ ಲೋಹ ಹರಿಯುತ್ತದೆ. ಆ ಕೊರತೆ ತುಂಬಲು 2008ರಲ್ಲಿ ನಹ್‌ಶೋನ್ ಮತ್ತು ಹಚಿನ್‌ಸನ್ ಒಂದು ಪದ ಸೇರಿಸಿದರು. ಅಲ್ಲಿಂದಾಚೆಗೆ ‘ರಂಧ್ರದ ಪಾಲು’ ಎಂಬುದು ಸೂಕ್ಷ್ಮದರ್ಶಕದಲ್ಲಿ ಅಳೆಯಬಹುದಾದ ರಂಧ್ರವಾಗಿ ಉಳಿಯಲಿಲ್ಲ. ಒಟ್ಟು ಹಾನಿಯ ಸೂಚಕವಾಯಿತು. ಉಪಯುಕ್ತ ಹೆಜ್ಜೆ ನಿಜ, ಆದರೆ ಪರಂಪರೆಯ ಜೀವಾಳವೇ ಅಲ್ಲಿ ಸಡಿಲವಾಯಿತು.

ಕಟ್ಟಡದ ಎಂಜಿನಿಯರಿಗೆ 2006ರಲ್ಲಿ ಕನ್ವಿಂದೆ ಮತ್ತು ಡೀರ್‌ಲೈನ್ ತುಳಿದ ಹಾದಿ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ರೈಸ್–ಟ್ರೇಸಿ ಸೂತ್ರದ ರಂಧ್ರ ಬೆಳವಣಿಗೆಯನ್ನು ಲೆಕ್ಕ ಹಾಕುತ್ತಾ ಹೋಗಿ, ಉಕ್ಕಿನ ಸೂಕ್ಷ್ಮರಚನೆಗೆ ತಕ್ಕ ಒಂದು ಸಣ್ಣ ಉದ್ದದ ಉದ್ದಕ್ಕೂ ಅದು ಮಿತಿ ಮೀರಿದರೆ ಹರಿಯಿತು ಎನ್ನುತ್ತದೆ ಅವರ ಮಾದರಿ. ಗೊತ್ತಿರಬೇಕಾದ ಅಂಕಿಗಳು ಎರಡೇ. ಮಿತಿಯನ್ನು ಕಚ್ಚು ಹಾಕಿದ ಸರಳುಗಳನ್ನು ಎಳೆದು ಪಡೆಯಬಹುದು, ಉದ್ದವನ್ನು ಮುರಿದ ಮೈ ನೋಡಿ ಅಂದಾಜಿಸಬಹುದು. ಮೀಟರುಗಟ್ಟಲೆ ಉದ್ದದ ತೊಲೆಯಲ್ಲಿ ಮಿಲಿಮೀಟರಿಗಿಂತ ಚಿಕ್ಕ ಜಾಲರಿ ಹೆಣೆಯುವ ಶ್ರಮ ಮಾತ್ರ ಇಲ್ಲೂ ತಪ್ಪಿದ್ದಲ್ಲ.

ಇಂಥ ಮಾದರಿಗಳನ್ನು ಪರೀಕ್ಷಿಸಲು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ 2012ರಲ್ಲಿ ಒಂದು ಸ್ಟೇನ್‌ಲೆಸ್ ಉಕ್ಕಿನ ಮಾಹಿತಿಯನ್ನು ಹಲವು ತಂಡಗಳಿಗೆ ಕೊಟ್ಟು, ಫಲಿತಾಂಶ ತೋರಿಸದೆಯೇ ಬಿರುಕು ಯಾವಾಗ, ಯಾವ ದಾರಿಯಲ್ಲಿ ಹೋಗುತ್ತದೆಂದು ಕೇಳಿತು. ಉತ್ತರಗಳು ಒಂದಕ್ಕೊಂದು ದೂರದೂರ ಬಿದ್ದವು. ಪ್ರಯೋಗ ಮುಗಿದ ಮೇಲೆ ರೇಖೆ ಹೊಂದಿಸುವುದನ್ನು ‘ಮುನ್ಸೂಚನೆ’ ಎಂದು ಕರೆಯುವ ರೂಢಿ ಅಲ್ಲಿಗೇ ನಿಲ್ಲಬೇಕಿತ್ತು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಸರಳು ಎಳೆದು ಪರೀಕ್ಷಿಸುವ ಯುಟಿಎಂ ಸಾಮಾನ್ಯವಾಗಿ ಇರುತ್ತದೆ. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ: ನುಣುಪು ಸರಳಿನ ಜೊತೆಗೆ ಕಚ್ಚು ಹಾಕಿದ ಒಂದು ಸರಳನ್ನೂ ಎಳೆಸಿ, ಎಳೆಯುವ ಮೊದಲು ವಿದ್ಯಾರ್ಥಿಗಳಿಂದ ಮುರಿತದ ಅಂಕಿ ಬರೆಸಿಕೊಳ್ಳಿ.