ತಿಪ್ಪೆಯಲ್ಲಿ ಸಿಕ್ಕ ಕಾಗದ

ಪತ್ತೇದಾರಿ ಕಾದಂಬರಿ ಓದುವುದೆಂದರೆ ನಮ್ಮ ಮನೆಯಲ್ಲಿ ಇಂದಿಗೂ ಸ್ವಲ್ಪ ಕದ್ದು ಮಾಡುವ ಕೆಲಸವೇ. ‘ಮಕ್ಕಳಿಗೆ ಪಾಠ ಹೇಳೋಳು, ಕೊಲೆ ಕತೆ ಓದ್ತಾ ಕೂತಿದ್ದೀಯಲ್ಲ’ ಎಂದು ನಮ್ಮವರು ಛೇಡಿಸುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಅವರೇ ಮೆಲ್ಲಗೆ, ‘ಕೊನೆಗೆ ಕೊಂದದ್ದು ಯಾರು?’ ಎಂದು ಕೇಳುತ್ತಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷು, ಸಮಾಜ ಪಾಠ ಮಾಡಿಕೊಂಡಿದ್ದವಳಿಗೆ ಈ ಚಾಳಿ ಅಂಟಿದ್ದಕ್ಕೆ ಕಾರಣ ಶ್ರೀರಂಗಪಟ್ಟಣ ಎಂದರೆ ನೀವು ನಗಬಹುದು.

ವಿಲ್ಕಿ ಕಾಲಿನ್ಸ್ ಎಂಬ ಇಂಗ್ಲಿಷ್ ಲೇಖಕ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಶುರುವಾಗುವುದು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ. ಕೋಟೆ ಬಿದ್ದ ದಿನದ ಲೂಟಿಯಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ವಜ್ರವೊಂದನ್ನು ಲಪಟಾಯಿಸುತ್ತಾನೆ. ಮುಂದಿನ ಕತೆಯೆಲ್ಲ ಹೆಚ್ಚುಕಡಿಮೆ ಇಂಗ್ಲೆಂಡಿನಲ್ಲೇ ನಡೆಯುತ್ತದೆ. ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಎಷ್ಟೋ ಸಲ ತೋರಿಸಿ ಬಂದ ಕೋಟೆ ದೂರದ ಲಂಡನ್ನಿನವನ ಪುಸ್ತಕದಲ್ಲಿ ಕಂಡಾಗ ನನಗೆ ಸೋಜಿಗವಾಯಿತು. ಅವನ ಬೇರೆ ಪುಸ್ತಕಗಳನ್ನು ಹುಡುಕಿದೆ. ಹಾಗೆ ಸಿಕ್ಕಿದ್ದು 1875ರ ‘ದಿ ಲಾ ಅಂಡ್ ದಿ ಲೇಡಿ’. ಕಾನೂನು ಮತ್ತು ಹೆಂಗಸು ಎನ್ನೋಣ. ‘ಮೂನ್‌ಸ್ಟೋನ್’ಗಿರುವ ಕೀರ್ತಿ ಇದಕ್ಕಿಲ್ಲ. ಆದರೆ ನನ್ನ ನಿದ್ದೆ ಕೆಡಿಸಿದ್ದು ಇದೇ.

ಕತೆ ಹೇಳುವವಳು ವಲೇರಿಯಾ, ಆಗತಾನೆ ಮದುವೆಯಾದವಳು. ಚರ್ಚಿನ ಮದುವೆ ಪುಸ್ತಕದಲ್ಲಿ ತವರಿನ ಹೆಸರಿನಲ್ಲಿ ರುಜು ಹಾಕಬೇಕಾದ ಕಡೆ ಗಲಿಬಿಲಿಯಲ್ಲಿ ಗಂಡನ ಮನೆಯ ಹೆಸರು ಬರೆದುಬಿಡುತ್ತಾಳೆ. ಅಪಶಕುನ ಎಂದು ಮನೆಯ ಹಿರಿಯಾಕೆ ಮುಖ ಸಿಂಡರಿಸುತ್ತಾಳೆ. ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ, ಗಂಡನದೆಂದು ಅವಳು ಬರೆದ ಆ ಹೆಸರೂ ಸುಳ್ಳು. ಅವನ ನಿಜವಾದ ಹೆಸರು ಯೂಸ್ಟೇಸ್ ಮೆಕಾಲನ್. ಹೆಸರು ಯಾಕೆ ಮುಚ್ಚಿಟ್ಟೆ ಎಂದರೆ ಅವನು ಬಾಯಿ ಬಿಡುವುದಿಲ್ಲ. ಅತ್ತೆಯೂ ಹೇಳುವುದಿಲ್ಲ, ‘ಪಾಪ’ ಎನ್ನುವಂತೆ ನೋಡುತ್ತಾಳೆ ಅಷ್ಟೆ. ಎಲ್ಲರಿಗೂ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿಲ್ಲದ ಗುಟ್ಟಿನ ಜೊತೆ ಸಂಸಾರ ಮಾಡುವುದು ಹೇಗೆ? ಹೊಸ ಸೊಸೆಯಾಗಿ ಹೋದ ಯಾವ ಹೆಣ್ಣಿಗೂ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಂಡನ ಗೆಳೆಯನಾದ ಮುದಿ ಮೇಜರನ ಮನೆಯಲ್ಲಿ ಅವಳಿಗೆ ಒಂದು ಪುಸ್ತಕ ಸಿಗುತ್ತದೆ. ಅದು ತನ್ನ ಗಂಡನ ಮೇಲೆ ನಡೆದ ಮೊಕದ್ದಮೆಯ ವರದಿ. ಮೊದಲ ಹೆಂಡತಿ ಸಾರಾಳಿಗೆ ಪಾಷಾಣವಿಟ್ಟು ಕೊಂದನೆಂಬುದು ಆರೋಪ. ತೀರ್ಪು ‘ಸಾಬೀತಾಗಿಲ್ಲ’.

ಸ್ಕಾಟ್ಲೆಂಡಿನ ನ್ಯಾಯಾಲಯಗಳಲ್ಲಿ ಹೀಗೊಂದು ಮೂರನೆಯ ತೀರ್ಪಿತ್ತು. ಅಪರಾಧಿ, ನಿರಪರಾಧಿ, ಇವೆರಡರ ನಡುವೆ ಸಾಬೀತಾಗಿಲ್ಲ. ಆರೋಪಿ ಬಿಡುಗಡೆಯಾಗಿ ಮನೆಗೆ ಹೋಗಬಹುದು. ಕಳಂಕವೂ ಅವನ ಜೊತೆಗೇ ಹೋಗುತ್ತದೆ. ಅಲ್ಲಿನ ಸಂಸತ್ತು ಇದನ್ನು ತೆಗೆದುಹಾಕುವ ಮಸೂದೆಯನ್ನು ಅಂಗೀಕರಿಸಿದ್ದು 2025ರಲ್ಲಿ. 1857ರಲ್ಲಿ ಎಡಿನ್‌ಬರೋದಲ್ಲಿ ಮ್ಯಾಡಲೀನ್ ಸ್ಮಿತ್ ಎಂಬ ಯುವತಿಯ ವಿಚಾರಣೆ ನಡೆದಿತ್ತು. ಪ್ರಿಯಕರನಿಗೆ ಪಾಷಾಣ ಹಾಕಿದಳೆಂಬ ಆರೋಪ. ತಾನು ಪಾಷಾಣ ಕೊಂಡದ್ದು ಮೈಬಣ್ಣಕ್ಕೆ ಎಂದು ಅವಳು ಹೇಳಿದ್ದಳು. ಅವಳಿಗೂ ಬಂದದ್ದು ಇದೇ ತೀರ್ಪು. ಕಾಲಿನ್ಸ್ ವಕೀಲಿ ಓದಿದವನು. ಆ ವಿಚಾರಣೆಯ ನೆರಳು ಕಾದಂಬರಿಯ ಮೇಲೆ ಚೆನ್ನಾಗಿಯೇ ಬಿದ್ದಿದೆ.

ಇನ್ನು ವಿಜ್ಞಾನದ ಮಾತು. ಆ ಕಾಲದಲ್ಲಿ ಪಾಷಾಣ ಇಲಿಗೆ, ನೊಣಕ್ಕೆ ಎಂದು ಅಗ್ಗವಾಗಿ ಸಿಗುತ್ತಿತ್ತು. ಬಣ್ಣ ಬಿಳಿ, ಹಿಟ್ಟಿನಲ್ಲಿ, ಸಕ್ಕರೆಯಲ್ಲಿ ಬೆರೆತರೆ ಗೊತ್ತಾಗದು. ತಿಂದವರಿಗೆ ವಾಂತಿ ಭೇದಿ. ಕಾಲರಾ ಎಂದರೂ ನಂಬುವಂತಿತ್ತು. 1833ರಲ್ಲಿ ತಾತನ ಕಾಫಿಗೆ ವಿಷ ಹಾಕಿದನೆಂದು ಮೊಮ್ಮಗನೊಬ್ಬನ ವಿಚಾರಣೆ ನಡೆಯಿತು. ಜೇಮ್ಸ್ ಮಾರ್ಷ್ ಎಂಬ ರಸಾಯನ ಶಾಸ್ತ್ರಜ್ಞ ಪಾಷಾಣದ ಹಳದಿ ಕುರುಹು ತೆಗೆದಿದ್ದ. ಜ್ಯೂರಿಗಳಿಗೆ ತೋರಿಸುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು, ಮೊಮ್ಮಗ ಬಿಡುಗಡೆಯಾದ. ಮಾರ್ಷ್ ಹಠ ಹಿಡಿದು 1836ರಲ್ಲಿ ಹೊಸ ಪರೀಕ್ಷೆ ಪ್ರಕಟಿಸಿದ. ಸತು ಮತ್ತು ಆಮ್ಲದ ಜೊತೆ ಅನುಮಾನದ ವಸ್ತುವನ್ನು ಸೇರಿಸಿದರೆ ಅನಿಲ ಹುಟ್ಟುತ್ತದೆ. ಅದನ್ನು ಹೊತ್ತಿಸಿ ಜ್ವಾಲೆಗೆ ತಣ್ಣನೆಯ ಪಿಂಗಾಣಿ ತಟ್ಟೆ ಹಿಡಿದರೆ, ಪಾಷಾಣವಿದ್ದಲ್ಲಿ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆ ಕೂರುತ್ತದೆ. ಸತ್ತವರ ಹೊಟ್ಟೆ ಸಾಕ್ಷಿ ಹೇಳುವುದಕ್ಕೆ ಕಲಿತದ್ದು ಹೀಗೆ.

ಆ ಸಾಕ್ಷಿಯೂ ತಪ್ಪದೆ ಇರಲಿಲ್ಲ. 1859ರ ಸ್ಮೆತರ್ಸ್ಟ್ ಮೊಕದ್ದಮೆಯಲ್ಲಿ ದೊಡ್ಡ ಹೆಸರಿನ ತಜ್ಞ ಆಲ್ಫ್ರೆಡ್ ಸ್ವೇನ್ ಟೇಲರ್, ತಾನು ಕಂಡ ಪಾಷಾಣ ಪರೀಕ್ಷೆಗೆ ಬಳಸಿದ ತಾಮ್ರದಲ್ಲೇ ಇತ್ತೆಂದು ಒಪ್ಪಿಕೊಳ್ಳಬೇಕಾಯಿತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. 1851ರಲ್ಲಿ ಇಂಗ್ಲೆಂಡಿನಲ್ಲಿ ಪಾಷಾಣ ಮಾರಾಟಕ್ಕೆ ಕಾಯಿದೆ ಬಂತು. ಕೊಳ್ಳುವವರ ಹೆಸರು, ಕಾರಣ ಬರೆದು ರುಜು ಪಡೆಯಬೇಕು. ಚಿಲ್ಲರೆ ಮಾರುವ ಪಾಷಾಣಕ್ಕೆ ಮಸಿಯನ್ನೋ ನೀಲಿಯನ್ನೋ ಬೆರೆಸಬೇಕು. ಮಸೂದೆಯಲ್ಲಿ ಇನ್ನೊಂದು ಷರತ್ತೂ ಸೇರಿತ್ತು: ವಯಸ್ಕ ಗಂಡಸರಿಗೆ ಮಾತ್ರ ಮಾರಬೇಕು. ಹೆಂಗಸರೆಲ್ಲ ವಿಷ ಹಾಕುವವರು ಎಂಬಂತೆ! ಜಾನ್ ಸ್ಟುವರ್ಟ್ ಮಿಲ್ ಇದನ್ನು ಖಂಡಿಸಿ ಗೃಹಮಂತ್ರಿಗೆ ಪತ್ರ ಬರೆದ. ಕೊನೆಗೆ ಆ ಷರತ್ತು ಬಿದ್ದುಹೋಯಿತು.

ಕಾದಂಬರಿಯಲ್ಲಿ ಪಾಷಾಣ ಕೊಂಡವನು ಗಂಡಸೇ. ಯೂಸ್ಟೇಸ್ ಎರಡು ಅಂಗಡಿಗಳಲ್ಲಿ ಕೊಂಡಿದ್ದ. ಕೊಡಬಾರದ ಸುಳ್ಳು ಕಾರಣಗಳನ್ನು ಕೊಟ್ಟಿದ್ದ. ರಸಾಯನ ತಜ್ಞರು ಹೊಟ್ಟೆಯೊಳಗಿನ ಪಾಷಾಣವನ್ನು ನ್ಯಾಯಾಲಯದಲ್ಲಿ ತೋರಿಸುತ್ತಾರೆ. ಅಂಗಡಿಯವರು ಗುರುತು ಹೇಳುತ್ತಾರೆ. ಬೇರೊಬ್ಬಳ ಮೇಲೆ ಮನಸ್ಸಿತ್ತೆಂದು ಅವನ ದಿನಚರಿಯೇ ಹೇಳುತ್ತದೆ. ಹೆಂಡತಿ ಕೇಳಿದ್ದಕ್ಕೆ ತಂದುಕೊಟ್ಟೆ, ಅವಳು ಮುಖದ ಬಣ್ಣ ತಿಳಿಯಾಗಲೆಂದು ಗುಟ್ಟಾಗಿ ಬಳಸುತ್ತಿದ್ದಳು ಎಂಬುದು ಅವನ ಪರವಾದ ವಾದ. ಇದು ಕಟ್ಟುಕತೆಯಲ್ಲ. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದ ರೈತರು ಪಾಷಾಣವನ್ನು ಚೂರುಚೂರೇ ತಿಂದು ಮೈ ತುಂಬಿಕೊಳ್ಳುತ್ತಾರೆಂಬ ಸುದ್ದಿ 1850ರ ದಶಕದಲ್ಲಿ ಪತ್ರಿಕೆಗಳಲ್ಲಿ ಬಂದು, ಬಣ್ಣದ ಆಸೆಗೆ ವಿಷ ಮುಟ್ಟಿದ ಹೆಂಗಸರು ನಿಜಕ್ಕೂ ಇದ್ದರು.

ಈ ಕಾದಂಬರಿಯಲ್ಲಿ ಕಾಲಿನ್ಸ್ ಹೆಣ್ಣಿನ ಮುಖವನ್ನು ಎರಡು ಸಲ ನಮ್ಮ ಮುಂದೆ ಹಿಡಿಯುತ್ತಾನೆ. ರೂಪವಿಲ್ಲದ ಸಾರಾ, ಪ್ರೀತಿಸದ ಗಂಡನ ಕಣ್ಣಿಗೆ ಚಂದ ಕಾಣಲೆಂದು ಪಾಷಾಣ ತರಿಸಿಕೊಳ್ಳುತ್ತಾಳೆ. ವಲೇರಿಯಾ, ಹೆಂಗಸರ ಚಪಲವಿರುವ ಮುದಿ ಮೇಜರನ ಬಾಯಿ ಬಿಡಿಸಲು ಹೊರಡುವಾಗ, ಹೋಟೆಲಿನ ಕೆಲಸದವಳ ಕೈಯಲ್ಲಿ ಕೆನ್ನೆಗೆ ಬಣ್ಣ, ಪೌಡರು ಹಚ್ಚಿಸಿಕೊಳ್ಳುತ್ತಾಳೆ. ತನ್ನ ಮುಖ ತನಗೇ ಅಪರಿಚಿತವೆನಿಸಿದರೂ ಹೋಗುತ್ತಾಳೆ. ಒಬ್ಬಳಿಗೆ ಬಣ್ಣ ಸಾವಾಯಿತು, ಇನ್ನೊಬ್ಬಳಿಗೆ ಕೀಲಿಕೈಯಾಯಿತು. ಇಬ್ಬರ ಮುಖಕ್ಕೂ ಬೆಲೆ ಕಟ್ಟಿದವರು ಗಂಡಸರೇ. ‘ಹುಡುಗಿ ಬಣ್ಣ ಸ್ವಲ್ಪ ಕಮ್ಮಿ’ ಎಂಬ ಮಾತು ಕೇಳಿ ಬೆಳೆದ ನಮಗೆ ಈ ಭಾಗಗಳನ್ನು ದೂರದ ದೇಶದ್ದೆಂದು ಓದಿ ಮುಗಿಸಲಾಗುವುದಿಲ್ಲ.

ವಕೀಲರು ಕೈಬಿಟ್ಟ ಮೊಕದ್ದಮೆಯನ್ನು ವಲೇರಿಯಾ ಮತ್ತೆ ಎತ್ತಿಕೊಳ್ಳುತ್ತಾಳೆ. ಗಂಡ ನಾಚಿಕೆಯಿಂದ ಅವಳನ್ನು ಬಿಟ್ಟು ಹೋಗಿರುತ್ತಾನೆ. ಮನೆಯವರಿಗೆ ಇದು ಹುಚ್ಚು. ಅವಳ ಹುಡುಕಾಟ ಡೆಕ್ಸ್ಟರ್ ಎಂಬವನ ಬಳಿ ಮುಟ್ಟುತ್ತದೆ. ಹುಟ್ಟುವಾಗಲೇ ಕಾಲಿಲ್ಲದವನು, ಗಾಲಿಕುರ್ಚಿಯಲ್ಲಿ ತಿರುಗುವವನು, ಹಿಂದೆ ಸಾರಾಳನ್ನು ಬಯಸಿದ್ದವನು. ಸತ್ಯ ಅವನ ಹತ್ತಿರವಿದೆ. ಇಲ್ಲಿ ಕಾಲಿನ್ಸ್ ಮೇಲೆ ನನಗೆ ಸಿಟ್ಟಿದೆ. ಅಂಗವಿಕಲನೆಂದರೆ ಅರೆಹುಚ್ಚ, ವಿಕಾರಿ ಎಂದು ತೋರಿಸಿ ಓದುಗರನ್ನು ಬೆಚ್ಚಿಸುವುದು ಸುಲಭದ ದಾರಿ. ಕಾಲು ಎಳೆಯುತ್ತ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಮಕ್ಕಳಿಗೆ ಪಾಠ ಹೇಳಿದವಳು ಅದನ್ನು ಒಪ್ಪಲಾರಳು.

ಆದರೆ ಕಾದಂಬರಿಯ ತಿರುಳು ಇರುವುದು ಡೆಕ್ಸ್ಟರನ ಬುದ್ಧಿ ಕೆಟ್ಟ ಮೇಲೆ. ಅವನ ತೊದಲು ಮಾತುಗಳಿಂದ ಒಂದು ಕಾಗದವಿತ್ತೆಂದು, ಅವನು ಅದನ್ನು ಹರಿದು ಎಸೆದನೆಂದು ಸುಳಿವು ಸಿಗುತ್ತದೆ. ಸಾರಾ ಸತ್ತ ಗ್ಲೆನಿಂಚ್ ಎಂಬ ಮನೆಯ ಹಿತ್ತಿಲಲ್ಲಿ ಕಸದ ತಿಪ್ಪೆ ಹಾಗೇ ಇರುತ್ತದೆ. ಅದನ್ನು ಪದರಪದರವಾಗಿ ಅಗೆಸುತ್ತಾರೆ. ಬೂದಿಯ ನಡುವೆ ಕಾಗದದ ಚೂರುಗಳು ಸಿಗುತ್ತವೆ. ಅಂಟಿಕೊಂಡವನ್ನು ರಸಾಯನದ ನೆರವಿನಿಂದ ಬಿಡಿಸಿ, ಒಂದೊಂದಾಗಿ ಜೋಡಿಸುತ್ತಾರೆ. ಅದು ಸಾರಾ ಗಂಡನಿಗೆ ಬರೆದ ಕೊನೆಯ ಕಾಗದ. ಅವನ ದಿನಚರಿ ಓದಿದೆ, ನನ್ನನ್ನು ಅವನು ಎಷ್ಟು ಅಸಹ್ಯಪಡುತ್ತಾನೆಂದು ತಿಳಿಯಿತು, ಪಾಷಾಣವನ್ನು ನಾನೇ ತೆಗೆದುಕೊಂಡೆ ಎಂದು ಅದರಲ್ಲಿದೆ. ತಜ್ಞರ ಪಿಂಗಾಣಿ ತಟ್ಟೆ ಆಕೆ ಯಾವುದರಿಂದ ಸತ್ತಳೆಂದು ಹೇಳಿತ್ತು. ಯಾಕೆ ಸತ್ತಳೆಂದು ಹೇಳಿದ್ದು ಈ ತಿಪ್ಪೆ. ಮನೆಯ ಕಸ ಎಲ್ಲಿ ಬೀಳುತ್ತದೆಂದು ನೋಡುವ ಕಣ್ಣು ಮೊದಲು ಇದ್ದದ್ದು ಒಬ್ಬ ಹೆಂಗಸಿಗೆ ಎಂಬುದು ನನಗೆ ಬಹಳ ಹಿಡಿಸಿತು.

ಇಷ್ಟಾದ ಮೇಲೆ ಕಾಲಿನ್ಸ್ ಮಾಡುವುದೇನು? ವಲೇರಿಯಾಳ ಮಡಿಲಲ್ಲಿ ಮಗು. ಗಂಡ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾನೆ. ಕಾಗದವನ್ನು ಲಕೋಟೆಯಲ್ಲಿ ಹಾಕಿ ಮುದ್ರೆ ಒತ್ತಿ ಅವನ ಮುಂದಿಡುತ್ತಾಳೆ. ಅವನು ಒಡೆಯುವುದಿಲ್ಲ. ಸತ್ತವಳ ನೆನಪಿಗೆ ಮರ್ಯಾದೆ ಎಂದು, ಮಗ ದೊಡ್ಡವನಾದ ಮೇಲೆ ಬೇಕಾದರೆ ಓದಲಿ ಎಂದು ಇಟ್ಟುಬಿಡುತ್ತಾರೆ. ಗಂಡನನ್ನು ಬೈಯಬೇಡಿ ಎಂದು ವಲೇರಿಯಾ ನಮ್ಮನ್ನೇ ಕೇಳಿಕೊಂಡು ಕತೆ ಮುಗಿಸುತ್ತಾಳೆ.

ನಮ್ಮ ಶಾಲೆಯ ಗಣಿತದ ಮೇಡಂ ಈ ಪುಸ್ತಕ ಓದಿ, ‘ಸರಿಯಾಗೇ ಮಾಡಿದಳು ಬಿಡಿ ಮೇಡಂ. ಸಂಸಾರ ಉಳೀತಲ್ಲ, ಇನ್ನೇನು ಬೇಕಿತ್ತು? ಎಳೇ ಮಗು ಇಟ್ಟುಕೊಂಡು ನೀವಾಗಿದ್ದರೆ ಓದಿಸ್ತಿದ್ದಿರಾ?’ ಎಂದರು. ಅವರ ಪ್ರಶ್ನೆಗೆ ನಾನು ಥಟ್ಟನೆ ಉತ್ತರ ಹೇಳಲಿಲ್ಲ. ವಲೇರಿಯಾಳ ಕಡೆಯಿಂದ ನೋಡಿದರೆ ಅವರ ಮಾತು ಸರಿ. ಇಷ್ಟೆಲ್ಲ ಓಡಾಡಿದ್ದು ಗಂಡನನ್ನು ಉಳಿಸಿಕೊಳ್ಳುವುದಕ್ಕೇ ಹೊರತು ಸಾರಾಳಿಗಾಗಿ ಅಲ್ಲ. ಕಾಲಿನ್ಸ್ ಅದನ್ನು ಮುಚ್ಚಿಯೂ ಇಲ್ಲ.

ಆದರೆ ಸಾರಾ ಆ ಕಾಗದ ಬರೆದದ್ದು ಯಾರಿಗೆ? ಗಂಡನಿಗೆ. ಒಬ್ಬ ಹರಿದು ತಿಪ್ಪೆಗೆ ಹಾಕಿದ, ಇನ್ನೊಬ್ಬ ಗೌರವದಿಂದ ಲಕೋಟೆಗೆ ಹಾಕಿಸಿದ. ಅವಳ ಮಾತು ತಲುಪಬೇಕಾದವನನ್ನು ಎರಡು ಸಲವೂ ತಲುಪಲಿಲ್ಲ. ಬದುಕಿದ್ದಾಗ ಅವಳ ಮುಖ ನೋಡಲಾರದವನು ಸತ್ತ ಮೇಲೆ ಅವಳ ಅಕ್ಷರವನ್ನೂ ನೋಡಲಿಲ್ಲ. ಅದನ್ನು ಮರ್ಯಾದೆ ಎಂದು ಕರೆದದ್ದು ಈ ಒಳ್ಳೆಯ ಪುಸ್ತಕದ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ.

ಇಷ್ಟು ಖಾರವಾಗಿ ಯಾಕೆ ಬರೆಯುತ್ತೀರಿ, ಕತೆ ತಾನೆ ಎನ್ನಬಹುದು. ನನಗೆ ಆರೇಳು ವರ್ಷವಿದ್ದಾಗ ನನ್ನ ಚಿಕ್ಕಮ್ಮ ಗಂಡನ ಮನೆಯಲ್ಲಿ ತೀರಿಕೊಂಡಳು. ಹೊಟ್ಟೆನೋವು ಎಂದರು. ಕೆಲವು ದಿನಗಳ ಮೇಲೆ ಅವಳ ಟ್ರಂಕು ವಾಪಸ್ಸು ಬಂತು. ಸೀರೆಗಳ ಕೆಳಗೆ ಬರೆದು ಅಂಚೆಗೆ ಹಾಕದೆ ಇಟ್ಟಿದ್ದ ನಾಲ್ಕೈದು ಇನ್‌ಲ್ಯಾಂಡ್ ಕಾಗದಗಳಿದ್ದವು. ಮೇಲೆ ನಮ್ಮ ಅಜ್ಜಿಯ ಹೆಸರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ತಾತ ಅವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆ ಆಗಬೇಕು’ ಎಂದಷ್ಟೇ ಹೇಳಿ, ಬಚ್ಚಲ ಒಲೆಗೆ ಹಾಕಿದರು. ಆ ಇಬ್ಬರ ಮದುವೆಯೂ ಚೆನ್ನಾಗಿಯೇ ಆಯಿತು. ತಾತ ಕೆಟ್ಟವರಲ್ಲ. ಅಜ್ಜಿ ಮಾತ್ರ ಬಹಳ ವರ್ಷಗಳ ಮೇಲೆ, ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದಾಗ, ‘ಆಗ ನಿನಗೆ ಓದೋಕೆ ಬಂದಿದ್ದರೆ ಆಗ್ತಿತ್ತು ಮಗಳೇ’ ಎಂದಿದ್ದಳು.

ಗಣಿತದ ಮೇಡಂಗೆ ಈ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಓದಬೇಕಿತ್ತು’ ಎಂದರು.

ಪುಸ್ತಕ ಸಿಕ್ಕರೆ ಓದಿ. ಭಾಷೆ ಹಳೆಯದು, ಕೆಲವು ಕಡೆ ಎಳೆತ ಜಾಸ್ತಿ. ಆದರೂ ವಲೇರಿಯಾಳ ಧೈರ್ಯ ನಿಮ್ಮನ್ನು ಕೈಹಿಡಿದು ನಡೆಸುತ್ತದೆ. ಕೊಂದವರು ಯಾರೆಂದು ನಾನು ಆಗಲೇ ಹೇಳಿಬಿಟ್ಟಿದ್ದೇನೆ, ಕ್ಷಮಿಸಿ. ಕೊನೆಯ ಅಧ್ಯಾಯಕ್ಕೆ ಬಂದಾಗ ಆ ಲಕೋಟೆಯನ್ನು ಒಡೆಯಬೇಕಿತ್ತೋ ಬೇಡವೋ ಎಂದು ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ.